ಮೂಲೆಯ ಮಹಾಸ್ವಾಮಿಗಳಿಗೆ ಒಂದು ಬಿನ್ನವತ್ತಳೆ

ಇವರಿಗೆ,
ಶ್ರೀಮಾನ್ ಪೆಂಟಿಯಂ ಫೋರ್ ಮಹಾಸ್ವಾಮಿಗಳು,
256 ಎಂಬಿ ರ್‍ಯಾಮ್ ಹಾಗೂ 40 ಜಿಬಿ ಹಾರ್ಡ್‌ಡಿಸ್ಕಿನ ಒಡೆಯರು,
ಅಂಗಡಿಯ ಎಡಮೂಲೆ, ತಾವರೆಕೆರೆ, ಶಿರಾ ತಾಲ್ಲೂಕು.

ವಿಷಯ: ತಮ್ಮ ದೀರ್ಘಾಯುಷ್ಯದಿಂದ ಈ ಬಡವನಿಗೆ ಒದಗಿರುವ ಭಾಗ್ಯಗಳನ್ನು ತಮ್ಮ ಗಮನಕ್ಕೆ ತರುವ ಬಗ್ಗೆ.

ಪರಮಪೂಜ್ಯರೇ,

ಉಭಯ ಕುಶಲೋಪರಿ ಸಾಂಪ್ರತ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ದಿವ್ಯ ಸನ್ನಿಧಾನದಲ್ಲಿ ಈ ಡಿಟಿಪಿಯವನು ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು ಕ್ಷೇಮ. ತಮ್ಮ ಕ್ಷೇಮಸಮಾಚಾರ ಮಾತ್ರ ಬೆಳಗ್ಗೆ ಷಟರ್ ಎತ್ತಿ, ಕಸ ಗುಡಿಸಿ, ಊದುಬತ್ತಿ ಹಚ್ಚಿ, ತಮ್ಮ ಸ್ವಿಚ್ ಒತ್ತಿದ ಮೇಲೆಯೇ ತಿಳಿಯಬೇಕು. ಪುಟ್ಟದೊಂದು ಬೀಪ್ ಬಂದರೆ ಅಪ್ಪಣೆಯಾಯಿತು ಎಂದರ್ಥ. ಬೀಪ್ ಉದ್ದಕ್ಕೆ ಎಳೆಎಳೆದು ಬಂದರೆ ತಮ್ಮ ರ್‍ಯಾಮ್ ಸಡಿಲವಾಗಿದೆ, ಚಿತ್ತ ಸರಿಯಿಲ್ಲ. ಆಗ ನಾನು ತಮ್ಮ ಪಕ್ಕೆಯ ತಗಡು ಬಿಚ್ಚಿ, ರ್‍ಯಾಮ್ ಪಟ್ಟಿಯನ್ನು ಹೊರಗೆಳೆದು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಉಫ್ ಎಂದು ಊದಿ, ಎರಡೂ ಹೆಬ್ಬೆರಳಿನಲ್ಲಿ 'ಟಕ್' ಎನ್ನುವ ತನಕ ಅದುಮಿ ಕೂರಿಸುತ್ತೇನೆ. ಅಷ್ಟರಲ್ಲಿ ಅಂಗಡಿಯ ಮುಂದೆ ಆಧಾರ್ ಜೆರಾಕ್ಸಿಗೆ ನಿಂತಿದ್ದ ಇಬ್ಬರು ಎದುರುಗಡೆ ಅಂಗಡಿಗೆ ಹೋಗಿರುತ್ತಾರೆ. ಹೋಗಲಿ ಬಿಡಿ, ಗಿರಾಕಿಗಳು ಇವತ್ತು ಬರುತ್ತಾರೆ, ನಾಳೆ ಹೋಗುತ್ತಾರೆ. ತಮ್ಮ ದಂತಸೇವೆಯ ಪುಣ್ಯ ಎಲ್ಲರಿಗೂ ಸಿಗುವುದಲ್ಲ.

ತಾವು ಕಾಲಾತೀತರು ಎಂಬುದನ್ನೂ ಇಲ್ಲಿ ನೆನೆಯಲೇಬೇಕು. ಮದರ್‌ಬೋರ್ಡಿನ ಮೇಲಿರುವ ಆ ನಾಣ್ಯದ ಗಾತ್ರದ ಸೆಲ್ಲನ್ನು ಎಷ್ಟು ಸಲ ಹೊಸದು ಹಾಕಿದರೂ ತಿಂಗಳೊಪ್ಪತ್ತಿನಲ್ಲಿ ಹೀರಿಬಿಡುತ್ತೀರಿ. ಆಮೇಲೆ ಕರೆಂಟು ಹೋಗಿ ಬಂದಾಗಲೆಲ್ಲ ತಮಗೆ 2002ನೇ ಇಸವಿ ಜನವರಿ 1. ಪ್ರಪಂಚ ಎಲ್ಲಿಗೆ ಬಂದಿದ್ದರೂ ತಮಗೆ ಅದೇ ಹೊಸ ವರ್ಷ. ಹಾಗಾಗಿ ಮೊನ್ನೆ ಮಾಡಿದ ಒಂದು ಲಗ್ನಪತ್ರಿಕೆ, ಮದುಮಗಳು ಹುಟ್ಟುವುದಕ್ಕೆ ಮೊದಲೇ ತಯಾರಾಗಿತ್ತು ಎಂದು ತಮ್ಮ ಕಡತ ಹೇಳುತ್ತದೆ. ಶಾಸ್ತ್ರ ಹೇಳುವವರು ಕೂಡ ಇಷ್ಟು ಮುಂಚಿತವಾಗಿ ಲಗ್ನ ಕಟ್ಟುವುದಿಲ್ಲ ಸ್ವಾಮೀ.

ತಮ್ಮ ಪೂರ್ವಾಶ್ರಮ ನನಗೆ ಮರೆತಿಲ್ಲ. ತಾವು ಯಾವ ದೊಡ್ಡ ಕಂಪನಿಯ ಹೆಸರನ್ನೂ ಹೊತ್ತವರಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಒಬ್ಬರ ಹತ್ತಿರ ಕ್ಯಾಬಿನೆಟ್ಟು, ಇನ್ನೊಬ್ಬರ ಹತ್ತಿರ ಬೋರ್ಡು, ಮತ್ತೊಬ್ಬರ ಹತ್ತಿರ ಎಸ್‌ಎಂಪಿಎಸ್ಸು ಹೀಗೆ ಕೂಡಿಸಿ 2004ರಲ್ಲಿ ಜೋಡಿಸಿದ 'ಅಸೆಂಬಲ್ಡ್' ಸಂತಾನ. ಈಗಲೂ ತಮಗೊಂದು ಕೇಬಲ್ ಬೇಕಾದರೆ ಅಲ್ಲಿಗೇ ಫೋನು. "ತಾವರೆಕೆರೆನಾ? ಇಲ್ಲೇ ಅಲ್ವಾ, ಸಂಜೆಗೆ ಹುಡುಗನ್ನ ಕಳಿಸ್ತೀನಿ ಬಿಡಿ" ಅನ್ನುತ್ತಾರೆ. "ಮಾಗಡಿ ರೋಡಿಂದಲ್ಲ ಸಾರ್, ಶಿರಾ ದಾಟಿದ್ಮೇಲೆ ಹಿರಿಯೂರು ಕಡೆ ಹೋಗೋ ಹೈವೇಲಿ ಬರೋದು" ಎಂದರೆ ಆ ಕಡೆ ಸ್ವಲ್ಪ ಹೊತ್ತು ಮಾತಿರುವುದಿಲ್ಲ. ಆಮೇಲೆ, "ಆ ಕೇಬಲ್ ಈಗ ಬರಲ್ಲ ಸಾರ್, ಯಾವ್ದಾದ್ರೂ ಗುಜರಿಲಿ ನೋಡಿ." ತಮ್ಮ ದೆಸೆಯಿಂದ ಶಿರಾದ ಗುಜರಿ ಅಂಗಡಿಯವರೆಲ್ಲ ನನಗೆ ಈಗ ಬಂಧುಗಳಿದ್ದ ಹಾಗೆ. ಮಗಳ ಮದುವೆಗೆ ಕರೆಯದಿದ್ದರೆ ಬೇಜಾರು ಮಾಡಿಕೊಳ್ಳುತ್ತಾರೆ.

ತಮ್ಮ ಆಸನದ ವ್ಯವಸ್ಥೆಯಲ್ಲಿ ಲೋಪವಾಗಿದ್ದರೆ ಕ್ಷಮಿಸಬೇಕು. ತಮ್ಮ ಸಿಆರ್‌ಟಿ ಮಾನಿಟರಿನ ಬೆನ್ನು ಅಷ್ಟು ಉದ್ದ ಇರುವುದರಿಂದ ಮೇಜನ್ನು ಗೋಡೆಯಿಂದ ಮುಂದಕ್ಕೆ ಎಳೆದು ಹಾಕಿದ್ದೇನೆ. ಆ ಸಂದಿಯಲ್ಲಿ ಹೆದ್ದಾರಿಯ ಧೂಳು, ಬಿದ್ದುಹೋದ ಪೆನ್ನುಗಳು ಮತ್ತು ಒಂದು ಹಲ್ಲಿಯ ಸಂಸಾರ ವಾಸವಾಗಿವೆ. ಬಲಗಡೆ ಲ್ಯಾಪ್‌ಟಾಪ್ ಕೂತಿದೆ. ಅದಕ್ಕೆ ಸಿಕ್ಕಿರುವುದು ತಾವು ಬಿಟ್ಟು ಉಳಿದ ಜಾಗ. ಇಬ್ಬರಿಗೂ ಇರುವುದು ಒಂದೇ ಲೇಸರ್ ಪ್ರಿಂಟರ್. ಅದರ ಕೇಬಲ್ಲನ್ನು ತಮ್ಮಿಂದ ಕಿತ್ತು ಲ್ಯಾಪ್‌ಟಾಪಿಗೆ, ಲ್ಯಾಪ್‌ಟಾಪಿನಿಂದ ಕಿತ್ತು ತಮಗೆ ಸಿಕ್ಕಿಸುವುದರಲ್ಲಿ ನನ್ನ ಸೊಂಟದ ವ್ಯಾಯಾಮ ಆಗುತ್ತದೆ. ಕೀಬೋರ್ಡಿನ ವಿಷಯದಲ್ಲಿ ಮಾತ್ರ ನನ್ನ ಹೊಗಳಿಕೆಯಲ್ಲಿ ಕಪಟವಿಲ್ಲ. ತಮ್ಮ ಟಿವಿಎಸ್ ಗೋಲ್ಡ್ ಕೀಬೋರ್ಡಿನ ಮೇಲೆ ಒಂದು ಅಕ್ಷರವೂ ಉಳಿದಿಲ್ಲ, ಎಲ್ಲ ಸವೆದು ಬೆಳ್ಳಗಾಗಿವೆ, ಆದರೆ ಪ್ರತಿ ಕೀಲಿಯೂ ಇವತ್ತಿಗೂ ಚಟಚಟ ಎನ್ನುತ್ತದೆ. ಲ್ಯಾಪ್‌ಟಾಪಿನ ಚಪ್ಪಟೆ ಕೀಲಿಗಳ ಮೇಲೆ ನನ್ನ ಬೆರಳು ಜಾರುತ್ತವೆ. ಈ ಒಂದು ಮಾತನ್ನು ತಾವು ಎಲ್ಲೂ ಹೇಳಬಾರದು.

ಕರೆಂಟಿನ ವಿಷಯ. ನಮ್ಮ ಜಿಲ್ಲೆಯದೇ ಆದ ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ. ಬಿಸಿಲು ಜಾಸ್ತಿಯಾದಷ್ಟೂ ಅಲ್ಲಿ ಕರೆಂಟು ಜಾಸ್ತಿ. ಬಿಸಿಲು ಜಾಸ್ತಿಯಾದಷ್ಟೂ ನನ್ನ ಅಂಗಡಿಯಲ್ಲಿ ಕರೆಂಟು ಕಮ್ಮಿ. ಈ ಲೆಕ್ಕ ನನ್ನ ತಲೆಗೆ ಹತ್ತಿಲ್ಲ. ಕರೆಂಟು ಹೋದರೆ ಲ್ಯಾಪ್‌ಟಾಪಿಗೆ ಹೋದದ್ದೇ ಗೊತ್ತಾಗುವುದಿಲ್ಲ. ತಮಗಾದರೆ ಯುಪಿಎಸ್ಸು ಬೇಕು. ಅದು ಕೀಂ ಕೀಂ ಎಂದು ಕಿರುಚಿಕೊಳ್ಳುತ್ತ ಕೊಡುವ ಅಷ್ಟು ಹೊತ್ತಿನೊಳಗೆ ಫೈಲು ಸೇವ್ ಮಾಡಿ ತಮ್ಮನ್ನು ಗೌರವದಿಂದ ಮಲಗಿಸಬೇಕು. ಸರಿಯಾಗಿ ಆ ಗಳಿಗೆಯಲ್ಲೇ ಮರಳುಗಡಿಯಾರ ತೋರಿಸಿ ಯೋಗನಿದ್ರೆಗೆ ಜಾರುವ ತಮ್ಮ ಸ್ಥಿತಪ್ರಜ್ಞತೆಯನ್ನು ಯಾವ ಮಠದಲ್ಲೂ ಕಂಡಿಲ್ಲ.

ಇಷ್ಟೆಲ್ಲ ಉಪಚಾರ ಏಕೆ, ಎತ್ತಿ ಗುಜರಿಗೆ ಹಾಕಬಾರದೇ ಎಂದು ನನ್ನ ಮಗನೇ ಕೇಳುತ್ತಾನೆ. ಅವನಿಗೆ ತಮ್ಮ ಮಹಿಮೆ ತಿಳಿಯದು. ತಮ್ಮ ಡಿ ಡ್ರೈವಿನಲ್ಲಿ ನಮ್ಮ ಸುತ್ತಿನ ಊರುಗಳೆಲ್ಲ ಇವೆ. ಇಪ್ಪತ್ತು ವರ್ಷದ ಲಗ್ನಪತ್ರಿಕೆ, ಗೃಹಪ್ರವೇಶ, ನಾಮಕರಣ, ವೈಕುಂಠ ಸಮಾರಾಧನೆ, ಜಾತ್ರೆಯ ಕರಪತ್ರ, ಪಂಚಾಯಿತಿ ಚುನಾವಣೆಯಲ್ಲಿ ಗೆದ್ದವರ ಮತ್ತು ಸೋತವರ ಭರವಸೆಗಳು, ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಮೇಷ್ಟ್ರುಗಳು ರಾತ್ರಿ ಕೂತು ಟೈಪ್ ಮಾಡಿಸಿದ ಪ್ರಶ್ನೆಪತ್ರಿಕೆಗಳು. ಎಲ್ಲಕ್ಕಿಂತ ಹೆಚ್ಚಾಗಿ ನೆಂಟರ ಪಟ್ಟಿ. ಹಿರಿಯ ಮಗಳ ಮದುವೆಯಾಗಿ ಹತ್ತು ವರ್ಷವಾದ ಮೇಲೆ ಕಿರಿಯವಳ ಮದುವೆಗೆ ಬಂದು, "ಅದೇ ಮ್ಯಾಟ್ರು ಇರ್ಬೇಕಲ್ಲ ನಿನ್ನತ್ರ, ಹೆಸ್ರು ತಾರೀಕು ಚೇಂಜ್ ಮಾಡಿ ಕೊಡಪ್ಪ" ಎನ್ನುತ್ತಾರೆ. 'ಆಗಮನಾಭಿಲಾಷಿಗಳು' ಎಂಬ ಸಾಲಿನ ಕೆಳಗೆ ಯಾರ ಹೆಸರಾದ ಮೇಲೆ ಯಾರದು ಎಂಬುದನ್ನು ಆ ಮನೆಯ ಯಜಮಾನರೇ ಮರೆತಿರುತ್ತಾರೆ, ತಾವು ಮರೆತಿರುವುದಿಲ್ಲ. ಸೋದರಮಾವನ ಹೆಸರು ಚಿಕ್ಕಪ್ಪನ ಕೆಳಗೆ ಇಳಿದರೆ ಏನಾಗುತ್ತದೆಂದು ಬಲ್ಲವರು ತಾವು. ಶ್ರೀ ಎಂದಿದ್ದಲ್ಲಿ ದಿವಂಗತ ಎಂದು ಸೇರಿಸುವುದಷ್ಟೇ ನನ್ನ ಕೆಲಸ.

ಆದರೆ ಮಹಾಪ್ರಭುಗಳೇ, ಅಷ್ಟನ್ನೂ ತಾವು ಇಟ್ಟುಕೊಂಡಿರುವುದು ಯಾವ ಭಾಷೆಯಲ್ಲಿ? ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ತಮ್ಮ ಫೈಲೊಂದನ್ನು ನುಡಿಯ ಫಾಂಟ್ ಹಾಕದ ಲ್ಯಾಪ್‌ಟಾಪಿನಲ್ಲಿ ತೆರೆದು ನೋಡಿದೆ. 'ಕನ್ನಡ' ಎಂಬ ಮೂರಕ್ಷರ ಇದ್ದ ಕಡೆ ಕಂಡದ್ದು ಇಷ್ಟು: ಇಂಗ್ಲಿಷಿನ ಪಿ, ತಲೆಯ ಮೇಲೊಂದು ಗೀರು ಹೊತ್ತ ಎ, ಬ್ರಿಟಿಷರ ಪೌಂಡಿನ ಗುರುತು, ಮತ್ತದೇ ಗೀರಿನ ಎ, ಜರ್ಮನ್ನರ ಜೋಡಿ ಎಸ್ಸು, ಒಂದು ಸಣ್ಣ ಕ್ಯೂ, ಕೊನೆಗೆ ಇನ್ನೊಮ್ಮೆ ಗೀರಿನ ಎ. ಪಿ ಎಂದರೆ ಕಕಾರದ ಒಡಲು, ಗೀರಿನ ಎ ಎಂದರೆ ತಲೆಕಟ್ಟು, ಪೌಂಡು ಎಂದರೆ ನಕಾರ, ಜರ್ಮನ್ನರ ಎಸ್ಸು ನಕಾರದ ಒತ್ತು. ನಮ್ಮ ಅರ್ಕಾವೊತ್ತು ಐಸ್‌ಲೆಂಡಿನವರ ಒಂದು ಅಕ್ಷರದ ಖಾನೆಯಲ್ಲಿ ಬಾಡಿಗೆಗಿದೆ. ಎರಡು ದಶಕ ತಾವು ನನ್ನಿಂದ ಕನ್ನಡ ಟೈಪ್ ಮಾಡಿಸಿಕೊಂಡು ಒಳಗೆ ಯೂರೋಪು ಖಂಡವನ್ನೇ ಕೂಡಿಹಾಕಿದ್ದೀರಿ. ತಮ್ಮ ವಿಶ್ವಮಾನವತೆಗೆ ಅಡ್ಡಬಿದ್ದೆ.

ತಪ್ಪು ತಮ್ಮೊಬ್ಬರದಲ್ಲ ಎಂದು ಒಪ್ಪುತ್ತೇನೆ. ಆ ಕಾಲದ ಫಾಂಟಿಗೆ ಇದ್ದದ್ದೇ 256 ಖಾನೆ. ನಮ್ಮ ಗುಣಿತ, ಒತ್ತು, ಒತ್ತಿನ ಮೇಲಿನ ಒತ್ತು ಎಲ್ಲವನ್ನೂ ಇಡಿಯಾಗಿ ಅದರಲ್ಲಿ ತುರುಕುವುದು ಆಗದ ಮಾತು. ಅದಕ್ಕೇ ಅಕ್ಷರವನ್ನು ಒಡೆದು ತುಂಡು ತುಂಡಾಗಿ ಇಟ್ಟರು. ಕಿನ್ನಿಕಂಬಳದ ಕೆ.ಪಿ. ರಾವ್ ಅವರಂಥ ಬುದ್ಧಿವಂತರು ಇಂಗ್ಲಿಷಿನ 26 ಕೀಲಿಗಳಲ್ಲೇ ಇಡೀ ವರ್ಣಮಾಲೆಯನ್ನು ತರ್ಕಬದ್ಧವಾಗಿ ಕೂರಿಸಿದರು. ಕೆ, ಎನ್, ಎಫ್, ಎನ್, ಡಬ್ಲ್ಯು ಒತ್ತಿದರೆ ಕನ್ನಡ. ನಡುವಿನ ಎಫ್ ಒತ್ತನ್ನು ಕೆಳಗಿಳಿಸುವ ಕೀಲಿ. ಅದೇ ಜಾಡಿನಲ್ಲಿ ಕನ್ನಡ ಗಣಕ ಪರಿಷತ್ತಿನ ಕಗಪ ವಿನ್ಯಾಸ ಬಂತು, ನುಡಿ ಬಂತು. ಶೇಷಾದ್ರಿವಾಸು ಅವರ ಬರಹ ತಂತ್ರಾಂಶ 1998ರಲ್ಲೇ ಬಂದಿತ್ತು. ಮೂಡಿಗೆರೆಯ ತೋಟದಲ್ಲಿದ್ದ ಪೂರ್ಣಚಂದ್ರ ತೇಜಸ್ವಿಯವರೂ ಕನ್ನಡ ತಂತ್ರಾಂಶದ ಹಿಂದೆ ಬಿದ್ದಿದ್ದರು. ಇವರೆಲ್ಲ ಇಲ್ಲದಿದ್ದರೆ ನನಗೆ ಅಂಗಡಿಯೇ ಇರುತ್ತಿರಲಿಲ್ಲ. ಆದರೆ ಇನ್ನೊಂದು ಸಂಗತಿಯೂ ಇದೆ. ಯುನಿಕೋಡ್ ಎಂಬ ವ್ಯವಸ್ಥೆಯ ಮೊದಲ ಆವೃತ್ತಿ 1991ರಲ್ಲಿ ಬಂದಾಗಲೇ ಅದರಲ್ಲಿ ಕನ್ನಡಕ್ಕೆಂದು 128 ಖಾನೆಗಳನ್ನು ಮೀಸಲಿಟ್ಟಿದ್ದರು. ಅಲ್ಲಿ ಕ ಎಂದರೆ ಕ, ಯಾರ ಬಾಡಿಗೆ ಮನೆಯೂ ಅಲ್ಲ. ತಮ್ಮ ವಿಂಡೋಸ್ ಎಕ್ಸ್‌ಪಿಯ ಹೊಟ್ಟೆಯಲ್ಲೇ ತುಂಗಾ ಎಂಬ ಯುನಿಕೋಡ್ ಫಾಂಟ್ ಇದೆ. ಇಷ್ಟು ವರ್ಷ ಮನೆಯೊಳಗೆ ಹೊಳೆ ಇಟ್ಟುಕೊಂಡು ನನಗೆ ಒಂದು ಹನಿ ಕುಡಿಸದ ತಮ್ಮ ಇಂದ್ರಿಯನಿಗ್ರಹ ದೊಡ್ಡದು.

ಏಕೆಂದರೆ ಪುಟ ಕಟ್ಟುವ ತಮ್ಮ ಪಟ್ಟದ ಶಿಷ್ಯ ಪೇಜ್‌ಮೇಕರ್ ಯುನಿಕೋಡನ್ನು ಮೂಸಿಯೂ ನೋಡುವುದಿಲ್ಲ. ಅದರ ಕೊನೆಯ ಆವೃತ್ತಿಯಾದ 7.0 ಬಂದದ್ದು 2001ರಲ್ಲಿ. ಅಲ್ಲಿಂದಾಚೆಗೆ ಅದಕ್ಕೆ ಹೊಸ ವಿದ್ಯೆ ಯಾರೂ ಹೇಳಿಕೊಡಲಿಲ್ಲ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮದುಮಗ ಇಡೀ ಮ್ಯಾಟರನ್ನು ಮೊಬೈಲಿನಲ್ಲೇ ಅಚ್ಚುಕಟ್ಟಾಗಿ ಕನ್ನಡದಲ್ಲಿ ಟೈಪ್ ಮಾಡಿ ವಾಟ್ಸ್ಯಾಪ್ ಮಾಡುತ್ತಾನೆ. "ಅಂಕಲ್, ಸುಮ್ನೆ ಪೇಸ್ಟ್ ಮಾಡಿ ಸಾಕು." ಪೇಸ್ಟ್ ಮಾಡುತ್ತೇನೆ. ತಾವು ತೋರಿಸುವುದು ಉದ್ದಕ್ಕೂ ಪ್ರಶ್ನಾರ್ಥಕ ಚಿಹ್ನೆ. ವರನ ಹೆಸರು ಪ್ರಶ್ನೆ, ವಧುವಿನ ಹೆಸರು ಪ್ರಶ್ನೆ, ಸ್ಥಳ ಪ್ರಶ್ನೆ, ಕುಲದೇವತೆಯೂ ಪ್ರಶ್ನೆ. ಸೀಬಿ ನರಸಿಂಹಸ್ವಾಮಿಯ ಅಸ್ತಿತ್ವವನ್ನೇ ಹೀಗೆ ಪ್ರಶ್ನಿಸುವ ಧೈರ್ಯ ಈ ಸೀಮೆಯಲ್ಲಿ ತಮಗೊಬ್ಬರಿಗೇ ಇದೆ. ಆಮೇಲೆ ಮೊಬೈಲನ್ನು ತಮ್ಮ ಮಾನಿಟರಿಗೆ ಒರಗಿಸಿಟ್ಟು ಒಂದೊಂದೇ ಸಾಲು ನೋಡಿ ಮತ್ತೆ ಟೈಪ್ ಮಾಡುತ್ತೇನೆ. ಮಧ್ಯೆ ಮಧ್ಯೆ ಮೊಬೈಲಿನ ಪರದೆ ಆರಿಹೋಗುತ್ತದೆ.

ಆ ಕಡೆಯಿಂದ ಈ ಕಡೆಗೆ ಬರುವುದಂತೂ ಇನ್ನೂ ರಸವತ್ತಾದ ಪ್ರಯಾಣ. ತಮ್ಮಲ್ಲಿರುವ ಹಳೆಯ ಮ್ಯಾಟರನ್ನು ಯುನಿಕೋಡ್ ಮಾಡಿ ಲ್ಯಾಪ್‌ಟಾಪಿಗೆ ತಂದರೆ ಮೊಬೈಲಿನಲ್ಲಿ ಕಳಿಸುವ ಆಮಂತ್ರಣವೂ ಆಗುತ್ತದೆಂದು ಪರಿವರ್ತಕಗಳನ್ನು ಹುಡುಕಿದೆ. ಕೆಲವಂತೂ ಕನ್ನಡದ ಹುಡುಗರು ಬಿಡುವಿನಲ್ಲಿ ಬರೆದು ಬಿಟ್ಟಿಯಾಗಿ ಕೊಟ್ಟಂಥವು, ಅವರ ಹೊಟ್ಟೆ ತಣ್ಣಗಿರಲಿ. ಆದರೆ ಅರ್ಕಾವೊತ್ತನ್ನು ತಾವು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಕ್ಷರವಾದ ಮೇಲೆ ಇಟ್ಟಿದ್ದೀರಿ. ಯುನಿಕೋಡಿನಲ್ಲಿ ಬಾಯಲ್ಲಿ ಉಚ್ಚರಿಸುವ ಕ್ರಮದಲ್ಲಿ, ಅಕ್ಷರಕ್ಕೆ ಮೊದಲೇ ಬರಬೇಕು. ಪರಿವರ್ತಕ ಅದನ್ನು ಹಿಡಿದು ಹಿಂದಕ್ಕೆ ಎಳೆದುಕೊಂಡು ಬಂದರೆ ಬಚಾವು. ಎಳೆಯದಿದ್ದರೆ ಕರ್ನಾಟಕ ಹೋಗಿ 'ಕನಾರ್ಟಕ' ಆಗುತ್ತದೆ, ಸುಮುಹೂರ್ತ ಹೋಗಿ 'ಸುಮುಹೂತರ್' ಆಗುತ್ತದೆ. ಪ್ರೂಫ್ ನೋಡಲು ಬಂದಿದ್ದ ಹುಡುಗನ ದೊಡ್ಡಪ್ಪ, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. "ಆಶೀವಾರ್ದವೇ ಉಡುಗೊರೆ. ಏನಪ್ಪಾ ಇದು ಆಶೀ-ವಾರ್ದ? ನಮ್ ನೆಂಟ್ರಿಗೆ ಓದಾಕ್ ಬರಲ್ಲ ಅಂದ್ಕಂಡಿದ್ದೀಯಾ?" ನಾನು ತಮ್ಮ ಕಡೆ ಕೈ ತೋರಿಸಿದೆ. ಅವರು ತಮ್ಮನ್ನು ಮೇಲಿಂದ ಕೆಳಗೆ ನೋಡಿದರು. "ಇದಾ? ಇದು ನಮ್ ದೊಡ್ ಹುಡ್ಗಿ ಮದ್ವೇಲೂ ಇತ್ತಲ್ಲ, ಆವಾಗ ಸರಿಯಾಗೇ ಮಾಡಿತ್ತು. ನೀನೇ ಏನೋ ಕೈಯಾಡ್ಸಿದ್ದೀಯ." ಆಯಿತು ಸ್ವಾಮೀ. ಕೀರ್ತಿ ತಮ್ಮದು, ಕೈಯಾಡಿಸಿದ ಅಪಕೀರ್ತಿ ನನ್ನದು.

ತಮ್ಮ ಭಕ್ತರು ನಾನೊಬ್ಬನೇ ಅಲ್ಲ ಎನ್ನುವುದೇ ಸಮಾಧಾನ. ಕಚೇರಿಗಳ ಮೇಜುಗಳಲ್ಲಿಯೂ ತಮಗೆ ನಡೆದುಕೊಳ್ಳುವವರಿದ್ದಾರೆ. ಕನ್ನಡಕ್ಕೆ ಯುನಿಕೋಡೇ ಶಿಷ್ಟತೆ ಎಂದು ಸರ್ಕಾರ 2012ರಲ್ಲೇ ಹೇಳಿಯಾಗಿದೆ. ಆದರೂ ಒಂದು ಕಚೇರಿಯ ಒಂದು ಮೇಜಿನವರು "ಸಾಫ್ಟ್ ಕಾಪಿ ನುಡಿ 01 ಇ ಫಾಂಟಲ್ಲೇ ಇರ್ಬೇಕು, ಸೈಜ್ 14" ಎನ್ನುತ್ತಾರೆ. ಅದನ್ನು ಮಾಡಿಸಿಕೊಂಡು ಹೋದ ರೈತ ಪಕ್ಕದ ಮೇಜಿಗೆ ಹೋದರೆ, "ಇದೇನ್ರೀ ಇಂಗ್ಲಿಷಲ್ಲಿ ಏನೇನೋ ಬರ್ತಿದೆ, ಯುನಿಕೋಡಲ್ಲಿ ಮಾಡಿಸ್ಕೊಂಡ್ ಬನ್ನಿ." ಎರಡೂ ಮೇಜುಗಳ ನಡುವೆ ಒಂದು ಕುರ್ಚಿಯಷ್ಟು ದೂರ. ಆ ರೈತ ಅಷ್ಟು ದೂರ ದಾಟುವುದಕ್ಕೆ ಬಸ್ಸು ಹತ್ತಿ ತಾವರೆಕೆರೆಗೆ ಬಂದು ಹೋಗುತ್ತಾನೆ. ನನಗೆ ಎರಡು ಸಲ ಟೈಪಿಂಗ್ ಚಾರ್ಜು ಸಿಗುತ್ತದೆ. ಈ ಪುಣ್ಯವೂ ತಮ್ಮ ಖಾತೆಗೇ.

ಇಂಟರ್‌ನೆಟ್ಟಿನ ಸಹವಾಸ ತಮಗೆ ಬೇಡ, ಸರಿ. ತಮ್ಮ ಎಕ್ಸ್‌ಪಿಗೆ 2014ರ ಏಪ್ರಿಲ್ 8ಕ್ಕೆ ಅದನ್ನು ಹೆತ್ತವರೇ ಎಳ್ಳುನೀರು ಬಿಟ್ಟರು. ಈಗಿನ ವೆಬ್‌ಸೈಟುಗಳು ಕೇಳುವ ಗೂಢಲಿಪಿ ತಮ್ಮ ಹಳೆಯ ಬ್ರೌಸರಿಗೆ ಬರುವುದಿಲ್ಲ. ಬಾಗಿಲಲ್ಲೇ ಕತ್ತು ಹಿಡಿದು ವಾಪಸು ಕಳಿಸುತ್ತವೆ. ತಾವು ಹುಟ್ಟುವ ಹೊತ್ತಿಗೆ ಭೂಮಿ ಯೋಜನೆಯಲ್ಲಿ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಸಿಗುತ್ತಿದ್ದವು. ಈಗ ಅದೇ ಪಹಣಿ ನನ್ನ ಅಂಗಡಿಯಲ್ಲೇ ಬರುತ್ತದೆ, ಆದರೆ ಲ್ಯಾಪ್‌ಟಾಪಿನಲ್ಲಿ. ತಾವು ಅದರ ಪಕ್ಕದಲ್ಲಿ ಕೂತು ಫ್ಯಾನು ಗುಂಯ್ ಎನ್ನಿಸುತ್ತ ಮೇಲ್ವಿಚಾರಣೆ ಮಾಡುತ್ತೀರಿ.

ನೆರೆಹೊರೆಯಲ್ಲಿಯಾದರೂ ಮಾತುಕತೆ ಇರಲೆಂದು ತಮ್ಮಿಬ್ಬರ ನಡುವೆ ಒಂದು ನೆಟ್‌ವರ್ಕ್ ಕೇಬಲ್ ಎಳೆದೆ. ತಾವು ಆಡುವ ಹಳೇ ಫೈಲ್ ಹಂಚಿಕೆಯ ಭಾಷೆಯನ್ನು ಲ್ಯಾಪ್‌ಟಾಪಿನ ವಿಂಡೋಸ್ 10 ಅಪಾಯಕಾರಿ ಎಂದು 2017ರ ಕೊನೆಯಿಂದ ಪಕ್ಕಕ್ಕಿಟ್ಟಿದೆ. ಇಬ್ಬರೂ ಒಂದೇ ಮೇಜಿನ ಮೇಲೆ ಮುಖ ತಿರುಗಿಸಿ ಕೂತಿರಿ. ಕೊನೆಗೆ ರಾಯಭಾರಿಯಾಗಿ ಉಳಿದದ್ದು ಒಂದು ಹಳೇ 2 ಜಿಬಿ ಪೆನ್‌ಡ್ರೈವ್. ದೊಡ್ಡ ಹೊಸ ಪೆನ್‌ಡ್ರೈವ್ ಹಾಕಿದರೆ ತಾವು 'ಫಾರ್ಮ್ಯಾಟ್ ಮಾಡಲೇ?' ಎಂದು ಕೇಳುತ್ತೀರಿ. ಗಿರಾಕಿಯೊಬ್ಬರ ಮಗಳ ಸೀಮಂತದ ಫೋಟೊಗಳಿದ್ದ ಪೆನ್‌ಡ್ರೈವಿಗೂ ಅಷ್ಟೇ ಮೃದುವಾಗಿ ಅದನ್ನೇ ಕೇಳಿದಿರಿ. ತಮ್ಮ ಆ ವಿನಯ ನನ್ನ ಎದೆ ನಡುಗಿಸಿತು.

ಶಿರಾದಿಂದ ಬರುವ ಹಾರ್ಡ್‌ವೇರ್ ಹುಡುಗ ಒಂದು ಉಪಾಯ ಹೇಳಿದ. ತಮ್ಮ ಹಾರ್ಡ್‌ಡಿಸ್ಕನ್ನು ಹೊರತೆಗೆದು, ಒಂದು ಕನ್ವರ್ಟರಿನ ಮೂಲಕ ಇಡಿಯಾಗಿ ನಕಲು ತೆಗೆದು, ಲ್ಯಾಪ್‌ಟಾಪಿನೊಳಗೇ ಒಂದು ವರ್ಚುಯಲ್ ಮಷೀನ್ ಮಾಡಿ ಅದರಲ್ಲಿ ತಮ್ಮನ್ನು ಎಬ್ಬಿಸುವುದು. ಶಂಕರಾಚಾರ್ಯರು ರಾಜನ ದೇಹ ಹೊಕ್ಕ ಕಥೆ ಕೇಳಿದ್ದೆವಲ್ಲ, ಅದೇ ಪರಕಾಯ ಪ್ರವೇಶ. ಪರದೆಯ ಒಳಗೊಂದು ಪುಟ್ಟ ಕಿಟಕಿಯಲ್ಲಿ ತಮ್ಮ ಹಸಿರು ಗುಡ್ಡ, ನೀಲಿ ಆಕಾಶ ಮೂಡಿದಾಗ ನನ್ನ ಕಣ್ಣಲ್ಲಿ ನೀರೇ ಬಂತು. ಇನ್ನು ಈ ದಪ್ಪ ಮಾನಿಟರು, ಆ ಹಲ್ಲಿಯ ಸಂಸಾರ ಎಲ್ಲಕ್ಕೂ ವಿದಾಯ ಎಂದುಕೊಂಡೆ. ತಾವು ಮುಗುಳ್ನಕ್ಕಿರಬೇಕು. ಅರ್ಜಿ, ಪ್ರಶ್ನೆಪತ್ರಿಕೆ ನುಡಿಯಲ್ಲಿವೆ, ಅವೇನೋ ತೆರೆದುಕೊಂಡವು. ಲಗ್ನಪತ್ರಿಕೆಯ ಬಳ್ಳಿಬಳ್ಳಿ ಅಕ್ಷರಗಳು ದುಡ್ಡು ಕೊಟ್ಟು ತಂದ ಇನ್ನೊಂದು ಪ್ಯಾಕೇಜಿನವು. ಆ ಪ್ಯಾಕೇಜಿಗೊಂದು ಲಾಕು. ಆ ಲಾಕು ತಮ್ಮ ಬೆನ್ನಿನ 25 ಪಿನ್ನಿನ ಪ್ರಿಂಟರ್ ಪೋರ್ಟಿನಲ್ಲಿ ಕಚ್ಚಿಕೊಂಡಿದೆ. ಲ್ಯಾಪ್‌ಟಾಪಿಗೆ ಅಂಥ ಪೋರ್ಟೇ ಇಲ್ಲ. ಆತ್ಮ ಬಂತು, ಬೀಗದ ಕೈ ಬರಲಿಲ್ಲ. 'ಲಾಕ್ ಸಿಗುತ್ತಿಲ್ಲ' ಎಂಬ ಸಂದೇಶದ ಕೆಳಗೆ ಇದ್ದದ್ದು 'ಓಕೆ' ಎಂಬ ಒಂದೇ ಬಟನ್ನು. ಒತ್ತಿದೆ. ಬೇರೆ ದಾರಿ ಏನಿತ್ತು?

ತಮ್ಮ ಸಹಪಾಠಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಕೆಲಸ ಮಾಡುತ್ತದೆ. ಇಂಕು ಒಣಗಿತು, ವೈಫೈ ಸಿಗಲಿಲ್ಲ ಎಂದು ಒಂದು ದಿನವೂ ಗೊಣಗಿಲ್ಲ. ಹೆದ್ದಾರಿಯ ಬದಿಯ ವೇಬ್ರಿಡ್ಜುಗಳಲ್ಲಿ ಇವತ್ತಿಗೂ ಕಡಲೆಕಾಯಿ ಲಾರಿ ತೂಕದ ಚೀಟಿ ಹೊಡೆಯುವುದು ಅದರ ಅಣ್ಣತಮ್ಮಂದಿರೇ. ಸೂಜಿಗಳು ರಿಬ್ಬನ್ನಿನ ಮೇಲೆ ಕುಟ್ಟುವುದರಿಂದ ಕಾರ್ಬನ್ ಇಟ್ಟರೆ ಒಂದೇ ಏಟಿಗೆ ಮೂರು ಪ್ರತಿ ಬರುತ್ತದೆ, ಯಾವ ಲೇಸರಿಗೂ ಆ ಕಸುಬು ಬರುವುದಿಲ್ಲ. ಅದರಿಂದ ತಾವು ಸ್ವಲ್ಪ ಕಲಿಯಬಹುದಿತ್ತು ಎಂದು ಹೇಳಲು ಬಾಯಿ ಬರುತ್ತಿಲ್ಲ. ಹೇಳಿದೆ.

ತಮ್ಮ ಕೀರ್ತಿ ಹಬ್ಬಿರುವುದಕ್ಕೂ ಒಂದು ನಿದರ್ಶನ ಕೊಡುತ್ತೇನೆ. ಹುಬ್ಬಳ್ಳಿ ಕಡೆಯಿಂದ ಕಾರಲ್ಲಿ ಬರುತ್ತಿದ್ದ ಬೆಂಗಳೂರಿನ ಇಂಜಿನಿಯರೊಬ್ಬರು ಜೆರಾಕ್ಸಿಗೆಂದು ಇಳಿದವರು ತಮ್ಮನ್ನು ಕಂಡು ಅಲ್ಲೇ ನಿಂತುಬಿಟ್ಟರು. "ವಾಹ್, ಇನ್ನೂ ರನ್ ಆಗ್ತಿದ್ಯಾ?" ಮಾನಿಟರನ್ನು ಮುಟ್ಟಿದರು, ಕೀಬೋರ್ಡಿನ ಮೇಲೆ ಬೆರಳಾಡಿಸಿದರು, ನಾಲ್ಕು ಕಡೆಯಿಂದ ಫೋಟೊ ತೆಗೆದರು. ಅಮೆರಿಕದ ಮೌಂಟನ್ ವ್ಯೂ ಎಂಬ ಊರಲ್ಲಿ ಕಂಪ್ಯೂಟರುಗಳಿಗೇ ಒಂದು ಮ್ಯೂಸಿಯಂ ಇದೆಯಂತೆ. ಇವರ ಮನೆಯಲ್ಲಿಯೂ 1982ರಲ್ಲಿ ಬಂದ ಕಮೋಡೋರ್ 64 ಎಂಬುದೊಂದಿದೆ. ಅದನ್ನು ಹೊಸ ಟಿವಿಗೆ ಜೋಡಿಸಿ, ಕ್ಯಾಸೆಟ್ಟಿನ ಬದಲು ಮೆಮೊರಿ ಕಾರ್ಡು ಹಾಕಿ ನಡೆಸುತ್ತಾರಂತೆ. ನಾನು ಕೇಳಿದೆ: "ಅದ್ರಲ್ಲಿ ಏನ್ ಕೆಲ್ಸ ಮಾಡ್ತೀರಿ ಸಾರ್?" "ಕೆಲಸ ಏನಿಲ್ಲ, ಭಾನುವಾರ ಆನ್ ಮಾಡಿ ನೋಡ್ತೀನಿ, ಖುಷಿಯಾಗುತ್ತೆ." "ನಾನೂ ಅಷ್ಟೇ ಸಾರ್, ದಿನಾ ಆನ್ ಮಾಡಿ ನೋಡ್ತೀನಿ. ಆಯ್ತು ಅಂದ್ರೆ ಖುಷಿಯಾಗುತ್ತೆ." ಅವರು ತುಂಬಾ ನಕ್ಕರು. ನಾನು ನಗಲಿಲ್ಲ. ಮದುವೆ ಸೀಜನ್ನು ಅದು.

ಕೊಡ್ತೀರಾ ಎಂದೂ ಕೇಳಿದರು. ಗುಜರಿಯವರಿಗಿಂತ ಒಳ್ಳೆಯ ರೇಟೇ ಹೇಳಿದರು. ತಾವು ಅದನ್ನು ಕೇಳಿಸಿಕೊಂಡಿರಿ ಎಂದು ನನಗೆ ಗೊತ್ತು. ಆವತ್ತು ಸಂಜೆವರೆಗೆ ಒಂದು ಸಲವೂ ಹ್ಯಾಂಗ್ ಆಗಲಿಲ್ಲ. ಮಾರನೆಯ ದಿನದಿಂದ ಯಥಾಪ್ರಕಾರ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ತಮ್ಮ ಪಕ್ಕದಲ್ಲಿ ಕೂತಿರುವ ಲ್ಯಾಪ್‌ಟಾಪನ್ನು ನಾನು ಇಷ್ಟು ದಿನ ಹೊಸದು ಹೊಸದು ಎಂದು ಕರೆಯುತ್ತಿದ್ದೆ. ಅದರ ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ಕಾಲ ಮುಗಿಯಿತು. ವಿಂಡೋಸ್ 11 ಹಾಕೋಣ ಎಂದರೆ ಪ್ರೊಸೆಸರ್ ಹಳೆಯದಾಯಿತಂತೆ, ಒಳಗೆ ಬೇಕಾದ ಯಾವುದೋ ಭದ್ರತೆಯ ಚಿಪ್ಪೂ ಇಲ್ಲವಂತೆ. ಅಂದರೆ ತಮ್ಮ ಪೀಠಕ್ಕೆ ಉತ್ತರಾಧಿಕಾರಿ ಸಿಕ್ಕಹಾಗಾಯಿತು. ಈಗ ಆಧಾರ್, ಪಹಣಿ, ವಾಟ್ಸ್ಯಾಪಿಗೆಂದು ಮೂರನೆಯದೊಂದು ಬರಲೇಬೇಕಾಗಿದೆ. ಮೇಜಿನ ಮೇಲೆ ಜಾಗವಿಲ್ಲ.

ಆದುದರಿಂದ ಮಹಾಸ್ವಾಮಿಗಳು ಈ ದೀನನ ಮೇಲೆ ಕೃಪೆಯಿಟ್ಟು, ತಮ್ಮ ಮಾನಿಟರನ್ನು ಕ್ಯಾಬಿನೆಟ್ಟಿನ ಮೇಲಕ್ಕೆ ಏರಿಸಲು ಅನುಮತಿ ನೀಡಬೇಕಾಗಿಯೂ, ಮುಂದಿನ ಮದುವೆ ಸೀಜನ್ ಮುಗಿಯುವವರೆಗೆ ಕೆಪಾಸಿಟರುಗಳನ್ನು ಉಬ್ಬಿಸಿಕೊಳ್ಳದೆ ತಡೆದುಕೊಳ್ಳಬೇಕಾಗಿಯೂ, ಹಾರ್ಡ್‌ಡಿಸ್ಕಿನಿಂದ ಈಚೆಗೆ ಬರುತ್ತಿರುವ ಕಟಕಟ ಶಬ್ದವು ಕೇವಲ ಲೀಲೆಯೆಂದು ಲಿಖಿತವಾಗಿ ತಿಳಿಸಬೇಕಾಗಿಯೂ ಪ್ರಾರ್ಥನೆ. ಶಬ್ದ ನಿಲ್ಲದಿದ್ದರೆ ಪಾವಗಡದ ಶನಿಮಹಾತ್ಮನಿಗೆ ಎಣ್ಣೆ ಹಾಕಿಸುತ್ತೇನೆ. ಅದರ ಖರ್ಚನ್ನು ತಮ್ಮ ಲೆಕ್ಕಕ್ಕೇ ಬರೆದುಕೊಳ್ಳುತ್ತೇನೆ. ಈ ಅರ್ಜಿಯನ್ನು ತಮ್ಮಲ್ಲೇ ನುಡಿಯಲ್ಲಿ ಟೈಪ್ ಮಾಡಿದ್ದೇನೆ. ಸೇವ್ ಕೊಡುವ ತನಕ ಎಚ್ಚರವಾಗಿರಬೇಕಾಗಿ ಕೋರಿಕೆ.

ವಂದನೆಗಳೊಂದಿಗೆ,
ತಮ್ಮ ವಿಧೇಯ,
ಡಿಟಿಪಿ ಅಂಗಡಿಯವನು, ತಾವರೆಕೆರೆ.

ಅಡಕ: ಹೊಸ ಸೆಲ್ 1, ಪೆನ್ಸಿಲ್ ರಬ್ಬರ್ 1.

ಪ್ರತಿ: ಬಲಗಡೆಯ ಲ್ಯಾಪ್‌ಟಾಪಿಗೆ, ಯುನಿಕೋಡಿನಲ್ಲಿ, ಮಾಹಿತಿಗಾಗಿ ಮತ್ತು ಮುಂದಿನ ತಯಾರಿಗಾಗಿ.